ಅವಳಿಲ್ಲದ ಚಳಿಗಾಲದ ಊಟ ಮತ್ತು ಫೋಟೋಗಳು

ಬೇರೆಯವರ ಮನೆಗೆ ದುಃಖ ಬಂದರೆ ಒಂದೇ ಬರುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಂಭೀರವಾಗಿ ಒಳಗೆ ಬಂದು ಕೂರುತ್ತದೆ. ನಮ್ಮ ಮನೆಗೆ ಬಂದಾಗ ಮಾತ್ರ ಅದರ ಸೆರಗು ಹಿಡಿದುಕೊಂಡು ಏನಾದರೊಂದು ನಗೆಪಾಟಲು ಹಿಂದೆಯೇ ಬರುತ್ತದೆ. ಅಳಬೇಕೆಂದು ಕುಳಿತ ಹೊತ್ತಿಗೇ ಇಂಥವು ಯಾಕೆ ಆಗುತ್ತವೋ, ನನಗೆ ಇನ್ನೂ ತಿಳಿದಿಲ್ಲ.

ಹೋದ ವರ್ಷ ಮಳೆಗಾಲದ ಕೊನೆಗೆ ನನ್ನ ಹೆಂಡತಿ ತೀರಿಕೊಂಡಳು. ಜ್ವರವೆಂದು ಸೋಮವಾರ ದವಾಖಾನೆ ಸೇರಿದಳು. ಶುಕ್ರವಾರ ಸಂಜೆ ನಾವು ಅವಳ ಚಪ್ಪಲಿ ಮಾತ್ರ ಕೈಯಲ್ಲಿ ಹಿಡಿದುಕೊಂಡು ಬಂದೆವು. ಬೆಳಗಾವಿಯ ಖಾಸಬಾಗದ ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಮಗಳು. ನಾನು ಖಾನಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಮಗಳು ಡಿಗ್ರಿ ಕಡೆಯ ವರ್ಷದವಳು. ಇಬ್ಬರಿಗೂ ಅಡಿಗೆ ಬರುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಚಳಿ ಬಿತ್ತು. ಆವತ್ತಿನಿಂದ ಸಂಕ್ರಾಂತಿಯವರೆಗೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಬದನಿಕಾಯಿ

ಬಂಧುಬಳಗದವರು ತಮ್ಮ ತಮ್ಮ ಊರಿಗೆ ಹೋದ ಮೇಲೆ ಓಣಿಯ ಹೆಂಗಸರು ನಮ್ಮ ಊಟದ ಜವಾಬ್ದಾರಿ ಹೊತ್ತರು. ಮೊದಲ ದಿನ ಎದುರುಮನೆಯ ವೈನಿ ಡಬ್ಬಿ ತಂದರು. ತೆರೆದರೆ ಬದನಿಕಾಯಿ ಎಣ್ಣಿಗಾಯಿ. ಮರುದಿನ ಬಾಜೂ ಮನೆಯವರದು, ಸುಟ್ಟ ಬದನಿಕಾಯಿ ಬಜ್ಜಿ. ಮೂರನೆಯ ದಿನ ಮೂಲೆಮನೆಯ ಅಜ್ಜಿ ತಾನೇ ಕೋಲೂರಿಕೊಂಡು ಬಂದಳು. ನಾನು ಮುಚ್ಚಳ ತೆಗೆಯಲಿಲ್ಲ, ವಾಸನೆಯಿಂದಲೇ ಗೊತ್ತಾಯಿತು.

ಹತ್ತು ದಿನ ಹೀಗೇ ನಡೆಯಿತು. ಹನ್ನೊಂದನೆಯ ದಿನ ಧೈರ್ಯ ಮಾಡಿ ಎದುರುಮನೆಯ ವೈನಿಯನ್ನು ಕೇಳಿದೆ: "ವೈನಿ, ಎಲ್ಲಾರೂ ಮಾತಾಡಿಕೊಂಡು ಮಾಡಾಕತ್ತೀರೇನ್ರೀ?"

ಅವರ ಕಣ್ಣಲ್ಲಿ ನೀರು ಬಂತು. "ಹೌದ್ರೀ ಅಣ್ಣಾರ. ‘ನಮ್ಮನ್ಯಾರಿಗೆ ಬದನಿಕಾಯಿ ಅಂದ್ರ ಜೀವ, ದಿನಾ ಹಾಕಿದ್ರೂ ಬ್ಯಾಡ ಅನ್ನಂಗಿಲ್ಲ’ ಅಂತ ಅಕ್ಕಾರು ಯಾವಾಗ್ಲೂ ಹೇಳ್ತಿದ್ರು. ಅವರ ನೆನಪಿಗೆ ಅಂತ ಮಾಡ್ತೀವ್ರೀ."

ನಿಜ ಹೇಳುತ್ತೇನೆ. ನನಗೆ ಬದನಿಕಾಯಿ ಸೇರುವುದಿಲ್ಲ. ಮದುವೆಯಾದ ಮೊದಲ ವಾರ ಅವಳು ಎಣ್ಣಿಗಾಯಿ ಮಾಡಿ, ಬಾಗಿಲ ಹಿಂದೆ ನಿಂತು ನನ್ನ ಮುಖ ನೋಡುತ್ತಿದ್ದಳು. ಹೊಸ ಹೆಂಡತಿ, "ಬಾಳ ಚಲೋ ಆಗೇತಿ" ಎಂದುಬಿಟ್ಟೆ. ಆ ಒಂದು ಮಾತಿಗೆ ಇಪ್ಪತ್ತಮೂರು ವರ್ಷ ಬದನಿಕಾಯಿ ಉಂಡೆ. ಒಮ್ಮೆಯೂ ಅವಳಿಗೆ ಗೊತ್ತಾಗಗೊಡಲಿಲ್ಲ. ನನ್ನ ಸಂಸಾರದಲ್ಲಿ ನಾನು ಮಾಡಿದ ದೊಡ್ಡ ತ್ಯಾಗ ಅದೊಂದೇ.

ಆ ಸಂಜೆ ಊಟಕ್ಕೆ ಕುಳಿತಾಗ ಮಗಳಿಗೆ ಇದನ್ನೆಲ್ಲ ಹೇಳಿದೆ. "ಪಾಪ, ಆಕಿಗೆ ಕಡೀತನಕ ಗೊತ್ತಾಗಲಿಲ್ಲ" ಎಂದೆ.

ಮಗಳು ತಾಟಿನಿಂದ ಮುಖ ಎತ್ತಲಿಲ್ಲ. "ಅವ್ವಗ ಗೊತ್ತಿತ್ತಪ್ಪಾ. ಬದನಿಕಾಯಿ ಆಕಿಗೆ ಸೇರ್ತಿತ್ತು. ನಿನ್ನ ಹೆಸರ ಹೇಳಿ ತಾನು ಉಣ್ತಿದ್ಲು."

ಹಸಿರು ಚಟ್ನಿ

ಬದನಿಕಾಯಿಯಿಂದ ಪಾರಾಗಬೇಕಾದರೆ ನಾವೇ ಅಡಿಗೆ ಮಾಡಿಕೊಳ್ಳಬೇಕಿತ್ತು. ಕಲಿಸುವವರು ಯಾರು? ಆಗ ಮಗಳಿಗೆ ಅವ್ವನ ಮೊಬೈಲು ನೆನಪಾಯಿತು.

ನನ್ನ ಹೆಂಡತಿಗೆ ಒಂದು ಚಟ ಇತ್ತು. ಏನು ಮಾಡಿದರೂ ಮೊದಲು ಅದರ ಫೋಟೋ ತೆಗೆಯಬೇಕು, ತನ್ನ ತಂಗಿಯರಿಗೆ ಕಳಿಸಬೇಕು, ಆಮೇಲೆ ನಮಗೆ ಬಡಿಸಬೇಕು. ರೊಟ್ಟಿ ಆರುತ್ತದೆಂದು ನಾನು ಸಿಡುಕುತ್ತಿದ್ದೆ. "ಒಂದ ನಿಮಿಷ ತಡೀರಿ, ಬೆಳಕ ಚಲೋ ಐತಿ" ಎಂದು ತಾಟನ್ನು ಕಿಟಕಿಯ ಕಡೆ ಒಯ್ಯುತ್ತಿದ್ದಳು.

ಮೊಬೈಲು ತೆರೆದರೆ ಎಲ್ಲ ಅಲ್ಲಿತ್ತು. ಜುಣಕ, ಪುಂಡಿಪಲ್ಯ, ಶೇಂಗಾ ಹೋಳಿಗಿ, ಮಡಕಿಕಾಳು. ನೂರಾರು ಫೋಟೋ. ಆದರೆ ಒಂದರ ಕೆಳಗೂ ಏನು ಹಾಕಿದೆ, ಎಷ್ಟು ಹಾಕಿದೆ ಎಂದು ಬರೆದಿರಲಿಲ್ಲ. ಫೋಟೋ ನೋಡಿ ಉಪ್ಪು ತಿಳಿಯುವುದಿಲ್ಲ. ಆದರೂ ನಾನು ಬಿಡಲಿಲ್ಲ. ಬಣ್ಣ ಕೂಡಿದರೆ ರುಚಿ ತಾನೇ ಕೂಡುತ್ತದೆ ಎಂಬ ಲೆಕ್ಕದಲ್ಲಿ ಶುರು ಮಾಡಿದೆ. ಜುಣಕದ ಹಳದಿ ಕೂಡಿಸಲು ಹೋಗಿ ಎಷ್ಟು ಅರಿಶಿಣ ಹಾಕಿದೆನೆಂದರೆ, ವಾರದವರೆಗೆ ಕಚೇರಿಯಲ್ಲಿ ನನ್ನ ಬೆರಳು ನೋಡಿ ಯಾರ ಮದುವೆ ಎಂದು ಕೇಳಿದರು.

ಫೋಟೋಗಳಲ್ಲಿ ಒಂದು ಚಟ್ನಿ ನನ್ನ ಕಣ್ಣಿಗೆ ಬಿತ್ತು. ಸ್ಟೀಲಿನ ಬಟ್ಟಲು, ಒಳಗೆ ದಟ್ಟ ಹಸಿರು, ನಡುವೆ ಚಮಚ ನೆಟ್ಟಗೆ ನಿಂತಿದೆ. ಇದನ್ನು ಅವಳು ನಮಗೆ ಬಡಿಸಿದ ನೆನಪೇ ಇಲ್ಲ. ಕೊತ್ತಂಬರಿ ಅರೆದೆ, ಬಣ್ಣ ತಿಳಿಯಾಯಿತು. ಕರಿಬೇವು ಸೇರಿಸಿದೆ; ಸ್ವಲ್ಪ ಹತ್ತಿರ ಬಂತು. ಮೆಂತ್ಯಸೊಪ್ಪು, ಪುದೀನಾ, ಕಡೆಗೆ ಮಾರ್ಕೆಟ್ಟಿನ ತರಕಾರಿಯಾಕೆಗೆ ಫೋಟೋ ತೋರಿಸಿ ಇನ್ನೆರಡು ಸೊಪ್ಪು ತಂದೆ. ಮೂರನೆಯ ದಿನ ಬಣ್ಣ ಹದಕ್ಕೆ ಬಂತು. ಚಮಚವೂ ನಿಂತಿತು.

ಮಗಳು ಎರಡು ದಿನ ಮಾತಿಲ್ಲದೆ ಉಂಡಳು. ಮೂರನೆಯ ದಿನ ಕೇಳಿದಳು: "ಅಪ್ಪಾ, ಇದು ಯಾವ ಚಟ್ನಿ? ನಾಲಿಗಿಗೆ ಒಗರ ಹತ್ತತೈತಿ."

"ನಿಮ್ಮವ್ವ ಮಾಡಿದ್ದ. ನೋಡು, ಡಿಟ್ಟೋ ಹಂಗ ಬಂದೈತಿ" ಎಂದು ಹೆಮ್ಮೆಯಿಂದ ಮೊಬೈಲು ಮುಂದೆ ಹಿಡಿದೆ.

ಅವಳು ಫೋಟೋ ನೋಡಿದಳು, ಬಟ್ಟಲು ನೋಡಿದಳು, ನನ್ನ ಮುಖ ನೋಡಿದಳು. "ಅಪ್ಪಾ, ಇದು ಅವ್ವ ತಲಿಗೆ ಹಚಗೋಳಾಕ ಕಲಸಿದ ಮೆಹಂದಿ."

ನಾನು ಮೊಬೈಲು ಆರಿಸಿ ಬದಿಗಿಟ್ಟೆ. ಆಮೇಲೆ ಅವಳು ರೊಟ್ಟಿ ಮುರಿದು ಮತ್ತೊಮ್ಮೆ ಚಟ್ನಿ ಹಚ್ಚಿಕೊಂಡಳು. "ಇರ್ಲಿ ಬಿಡು. ಕೂದಲಕ್ಕ ಚಲೋ ಅಂತಾರ."

ಎದುರಿಂದ ಒಂದು, ಬಾಜೂಲಿಂದ ಒಂದು

ಅಷ್ಟು ಫೋಟೋಗಳಲ್ಲಿ ಅವಳದು ಮಾತ್ರ ಒಂದೂ ಇರಲಿಲ್ಲ. ಗೋಡೆಗೆ ಹಾಕಲು ಬೇರೆ ದಾರಿಯಿಲ್ಲದೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದೆವು. ಅದರಲ್ಲಿ ಅವಳು, ಬಂದವರನ್ನೆಲ್ಲ "ಕಾಲ ತೊಳಕೊಂಡ ಒಳಗ ಬರ್ರಿ" ಎನ್ನುವ ಹಾಗೆ ದಿಟ್ಟಿಸುತ್ತಾಳೆ. ಆ ಸಿಟ್ಟಿನ ಮುಖಕ್ಕೆ ದಿನಾ ವಿಭೂತಿ ಹಚ್ಚುವಾಗ ನನ್ನ ಕಣ್ಣು ತಾನೇ ನನ್ನ ಕಾಲಿನ ಕಡೆ ಹೋಗುತ್ತಿತ್ತು. ಹೋದವಳದಂತೂ ಆಗಲಿಲ್ಲ, ಇದ್ದವರದಾದರೂ ಚೆನ್ನಾಗಿ ತೆಗೆದಿಡೋಣ ಎಂದು ಒಂದು ಹಳೆಯ ಕ್ಯಾಮೆರಾ ಕೊಂಡೆ.

ಮೊದಲ ಭಾನುವಾರ ಹಿಂಡಲಗಾಕ್ಕೆ ಹೋದೆ. ಅಲ್ಲಿ ನನ್ನ ಅಕ್ಕ, ಭಾವ ಇದ್ದಾರೆ. ಭಾವ ಅಲ್ಲಿನ ಜೈಲಿನ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಇದೆ, ಮೊಣಕಾಲು ನೋವಿದೆ, ಬೇರೇನೂ ಇಲ್ಲ.

"ಭಾವಾರ, ನಿಮ್ಮದೊಂದು ಚಲೋ ಫೋಟೋ ತಗೀತೀನ್ರೀ" ಎಂದೆ.

ಅವರ ಮುಖ ಬಿಳುಪೇರಿತು. ಅಕ್ಕನನ್ನು ಒಳಗೆ ಕರೆದರು. ಬಾಗಿಲ ಸಂದಿಯಿಂದ ನನಗೆಲ್ಲ ಕೇಳಿಸುತ್ತಿತ್ತು. "ಡಾಕ್ಟರ್ ನಿನಗೇನರ ಹೇಳ್ಯಾರೇನು? ಖರೇ ಹೇಳು. ಹೋದ ವಾರ ರಿಪೋರ್ಟ್ ತರಾಕ ನೀನ ಹೋಗಿದ್ದಿ. ಈಗ ನಿನ್ನ ತಮ್ಮ ಕ್ಯಾಮೆರಾ ತಗೊಂಡ ಬಂದಾನ."

"ಸಕ್ಕರಿ ಜಾಸ್ತಿ ಐತಿ ಅಂದಾರ, ಅಷ್ಟ."

"ಅಷ್ಟಕ್ಕ ಫೋಟೋ ಯಾಕ?"

ಅಕ್ಕ ಬೈದು, ಸಮಾಧಾನ ಮಾಡಿ, ಇಸ್ತ್ರಿ ಅಂಗಿ ಹಾಕಿಸಿ ಹೊರಗೆ ಕರೆತರಲು ಅರ್ಧ ತಾಸು ಹಿಡಿಯಿತು. ಭಾವ ಗೋಡೆಗೆ ಬೆನ್ನು ಹಚ್ಚಿ, ಕೈ ಇಳಿಬಿಟ್ಟು, ನೆಟ್ಟಗೆ ನಿಂತರು. "ಸ್ವಲ್ಪ ನಗ್ರೀ" ಎಂದೆ. ನಗಲಿಲ್ಲ. ಒಂದು ತೆಗೆದೆ. ಮುಗಿಯಿತೆಂದು ನಾನು ಕ್ಯಾಮೆರಾ ಇಳಿಸುವಷ್ಟರಲ್ಲಿ ಅವರು ಯಾರೂ ಹೇಳದೆಯೇ ಬಲಕ್ಕೆ ತಿರುಗಿ ಕಿವಿ ಕಾಣುವ ಹಾಗೆ ನಿಂತರು.

"ಇದ್ಯಾಕ್ರೀ ಭಾವಾರ?"

"ಎದುರಿಂದ ಒಂದು, ಬಾಜೂಲಿಂದ ಒಂದು. ಹಂಗ ತಗೀಬೇಕು" ಎಂದರು. "ಎದಿ ಮ್ಯಾಲ ನಂಬರಿನ ಪಾಟಿ ಇಲ್ಲ, ನಡೀತೈತಿ?"

ಅಕ್ಕ ಹಣೆ ಚಚ್ಚಿಕೊಂಡಳು. "ಇವರು ರಿಟೈರ್ ಆಗಿಲ್ಲೋ ತಮ್ಮಾ. ಜಾಮೀನಿನ ಮ್ಯಾಲ ಹೊರಗ ಬಂದಾರ."

ಮಂಜಿನಲ್ಲಿ ಎಮ್ಮೆ

ಇದು ಸಣ್ಣದು. ಡಿಸೆಂಬರಿನಲ್ಲಿ ಖಾನಾಪುರದ ಕಡೆ ಬೆಳಗಿನ ಮಂಜು ಬಹಳ. ಮನೆಯಲ್ಲಿ ಬೆಳಗಿನ ಹೊತ್ತು ಒಲೆಯ ಮುಂದೆ ಅವಳಿಲ್ಲದ್ದು ಎದ್ದು ಕಾಣುತ್ತಿತ್ತು. ಅದಕ್ಕೇ ಮೊದಲ ಬಸ್ಸು ಹಿಡಿದು ಹೋಗಿ, ಕಚೇರಿ ತೆರೆಯುವವರೆಗೆ ಫೋಟೋ ತೆಗೆಯುತ್ತ ತಿರುಗತೊಡಗಿದೆ.

ಒಂದು ದಿನ ತೆಗೆದದ್ದನ್ನು ನಮ್ಮ ಕಚೇರಿಯ ಜವಾನರಿಗೆ ತೋರಿಸಿದೆ. ನಿವೃತ್ತಿಗೆ ಬಂದ ಮನುಷ್ಯ, ಕಣ್ಣಿಗೆ ದಪ್ಪ ಚಷ್ಮಾ. ಅವರು ಬಹಳ ಹೊತ್ತು ನೋಡಿದರು.

"ಬೆಳ್ಳಗ ಐತಲ್ರೀ ಎಲ್ಲಾ. ಇದರಾಗ ಏನೈತ್ರೀ?"

"ಎಮ್ಮಿ ಐತಿ."

"ಎಲ್ಲೈತ್ರೀ?"

"ಮಂಜಿನ್ಯಾಗ ಐತಿ. ಇದ್ದದ್ದು ಖರೇ, ಕಾಣಸಂಗಿಲ್ಲ ಅಷ್ಟ."

ಅವರು ಗಂಭೀರವಾಗಿ ತಲೆಯಾಡಿಸಿ, ನಮ್ಮ ಮೇಲಧಿಕಾರಿಯ ಖಾಲಿ ಕುರ್ಚಿಯ ಕಡೆ ನೋಡಿದರು. "ತಿಳೀತ್ ಬಿಡ್ರೀ. ನಮ್ಮ ಸಾಹೇಬ್ರಂಗ."

ನಡುವಿನ ಜಾಗ

ಎಳ್ಳಮಾವಾಸ್ಯೆಗೆ ಪಾರಿಶ್ವಾಡದಿಂದ ನನ್ನ ಅತ್ತೆ, ಎಂದರೆ ಹೆಂಡತಿಯ ತಾಯಿ, ಫೋನು ಮಾಡಿದರು. ಸಾವಾದ ಮನೆ, ಒಂದು ವರ್ಷ ಹಬ್ಬವಿಲ್ಲ. ಆದರೂ ಅವರೆಂದರು: "ಹಬ್ಬ ಅಂತ ಬರಬ್ಯಾಡ್ರೀ ಅಳಿಯಾರ. ಹೊಲಾ ನೋಡಾಕ ಬರ್ರಿ. ಹುಡುಗಿ ಉಂಡ ಹೋಗ್ಲಿ."

ಹೋದೆವು. ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಬನ್ನಿಗಿಡದ ಕೆಳಗೆ ಕಂಬಳಿ ಹಾಸಿ ಸಜ್ಜಿರೊಟ್ಟಿ, ಕಡಬು, ಕಾಳುಪಲ್ಯ, ಮೊಸರನ್ನ ಬಿಚ್ಚಿದರು. ಪ್ರತಿವರ್ಷ ಅಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ಅವಳೇ. ಉಳಿದವರು ಬರೀ ಉಂಡು ಗೊತ್ತಿದ್ದವರು.

ಊಟಕ್ಕೆ ಮೊದಲು ಎಲ್ಲರದೂ ಒಂದು ಫೋಟೋ ತೆಗೆಯೋಣ ಎಂದೆ. ಅತ್ತೆ, ಭಾವಮೈದುನ, ಅವನ ಹೆಂಡತಿ, ಇಬ್ಬರು ಮಕ್ಕಳು, ನನ್ನ ಮಗಳು ಸಾಲಾಗಿ ಕುಳಿತರು. ಕ್ಯಾಮೆರಾದಲ್ಲಿ ನೋಡಿದರೆ ಅತ್ತೆಗೂ ನನ್ನ ಮಗಳಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ.

"ಸ್ವಲ್ಪ ಸರೀರಿ, ನಡುವ ಸಂದಿ ಐತಿ" ಎಂದೆ.

ಯಾರೂ ಸರಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಭಾವಮೈದುನ ನೆಲ ನೋಡಿದ. ಆಗ ನನಗೆ ತಿಳಿಯಿತು. ಯಾರೂ ಮಾತಾಡಿಕೊಂಡಿರಲಿಲ್ಲ, ಆದರೂ ಎಲ್ಲರೂ ಆ ಜಾಗ ಬಿಟ್ಟಿದ್ದರು. ಆಗಲಿ ಎಂದು ಗುಂಡಿಯ ಮೇಲೆ ಬೆರಳಿಟ್ಟೆ.

ಅಷ್ಟರಲ್ಲಿ ಬಾಜೂ ಹೊಲದ ಕಂದು ನಾಯಿ ರೊಟ್ಟಿಯ ವಾಸನೆಗೆ ಓಡಿ ಬಂದು, ನೇರ ಆ ಖಾಲಿ ಜಾಗದಲ್ಲಿ ಬಾಲ ಮಡಚಿ ಕುಳಿತು, ಎದೆ ಸೆಟೆಸಿ ಕ್ಯಾಮೆರಾ ನೋಡಿತು. ಭಾವಮೈದುನ ಕಲ್ಲು ಎತ್ತಿಕೊಂಡ. ಅತ್ತೆ ಅವನ ಕೈ ಹಿಡಿದರು.

"ಇರ್ಲಿ ಬಿಡಪಾ. ಆಕಿನೂ ಸಣ್ಣಾಕಿ ಇದ್ದಾಗ ಹಿಂಗ. ಕರೀಲಾರದ ಬಂದ ನಡುವ ಕುಂದರ್ತಿದ್ಲು."

ಹಾಗೇ ತೆಗೆದೆ. ಬಂದ ಫೋಟೋದಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದಾರೆ ಅಥವಾ ಒರೆಸಿಕೊಳ್ಳುತ್ತಿದ್ದಾರೆ. ನಾಯಿಯದೊಂದೇ ಚೆನ್ನಾಗಿ ಬಂದಿದೆ. ಅತ್ತೆ ಅದನ್ನೇ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಬಂದವರು ನಾಯಿ ಯಾರದೆಂದು ಕೇಳಿದರೆ, "ನಮ್ಮ ಮಗಳ ಪೈಕಿ" ಎನ್ನುತ್ತಾರೆ.

ದೇವರ ಮನೆ

ಸಂಕ್ರಾಂತಿಗೆ ನಮ್ಮ ಕಡೆ ಜನ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುತ್ತಾರೆ. ಹಬ್ಬ ಮಾಡದಿದ್ದರೂ ಹೊಳೆಗೆ ಹೋಗಬಾರದೆಂದು ಯಾರೂ ಹೇಳಿಲ್ಲವಲ್ಲ ಎಂದು ನಾನೂ ಮಗಳೂ ಖಾನಾಪುರಕ್ಕೆ ಹೋದೆವು. ಮಲಪ್ರಭೆಯ ದಂಡೆಯ ತುಂಬ ಜನ. ಮೇಲೆ, ಮೆಟ್ಟಿಲ ತುದಿಗೆ, ಗುಡಿಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು. ನಮ್ಮ ಬುತ್ತಿಯಲ್ಲಿ ನಾನೇ ಬಡಿದ ರೊಟ್ಟಿ ಇತ್ತು. ನೀರಿಗೆ ಬಿದ್ದರೆ ಕಲ್ಲಿನ ಹಾಗೆ ಮುಳುಗುವಂಥದ್ದು.

ಮಗಳು ಕಾಲು ತೊಳೆಯಲು ನೀರಿಗಿಳಿದಳು. ನನ್ನ ಕೊರಳಲ್ಲಿ ಕ್ಯಾಮೆರಾ ಕಂಡು ಬಾಜೂದಲ್ಲಿದ್ದ ಒಂದು ಮರಾಠಿ ಕುಟುಂಬದವರು, ತಮ್ಮದೊಂದು ಫೋಟೋ ತೆಗೆಯಿರೆಂದು ಕರೆದರು. ಹತ್ತು ಹನ್ನೆರಡು ಮಂದಿ. ನಡುವೆ ಎಲ್ಲರಿಗೂ ಹಿರಿಯಳಾದ ಒಬ್ಬ ಅಜ್ಜಿ. ತೆಗೆದುಕೊಟ್ಟೆ. ಅಜ್ಜಿಗೆ ಸಂತೋಷವಾಯಿತು. ತಮ್ಮ ಜೊತೆಗೇ ಊಟಕ್ಕೆ ಕೂಡಬೇಕೆಂದು ಕೈ ಹಿಡಿದು ಕೂರಿಸಿಕೊಂಡಳು. ಗಂಡಸರು ಮಕ್ಕಳನ್ನು ನೀರಿನಿಂದ ಎಳೆದುಕೊಂಡು ಬರಲು ಹೋದರು, ಸೊಸೆಯಂದಿರು ಬುತ್ತಿ ಬಿಚ್ಚತೊಡಗಿದರು.

"ಬಾಯ್ಕೋ ಕುಠೇ ಆಹೇ?" ಎಂದಳು ಅಜ್ಜಿ. ಹೆಂಡತಿ ಎಲ್ಲಿ ಎಂದು.

ನನಗೆ ಮರಾಠಿ ಬರುತ್ತದೆ. ಆದರೆ ಸತ್ತಳು ಎಂಬ ಮಾತು ಯಾವ ಭಾಷೆಯಲ್ಲೂ ಇನ್ನೂ ನನ್ನ ಬಾಯಿಗೆ ಬರುತ್ತಿರಲಿಲ್ಲ. ಮರಾಠಿಯಲ್ಲಿ ಅದಕ್ಕೊಂದು ಮೃದುವಾದ ಮಾತಿದೆ, ದೇವರ ಮನೆಗೆ ಹೋದಳು ಎಂದು. ಅದನ್ನೇ ಮೆಲ್ಲಗೆ ಹೇಳಿದೆ: "ದೇವಾಘರೀ ಗೇಲೀ."

ಅಜ್ಜಿಗೆ ಕಿವಿ ಮಂದ. ಅವಳಿಗೆ ಕೇಳಿಸಿದ್ದು "ದೇವಳಾತ್ ಗೇಲೀ", ದೇವಾಲಯಕ್ಕೆ ಹೋದಳು ಎಂದು. "ಹಾಂ ಹಾಂ" ಎಂದು ಮೆಟ್ಟಿಲ ಮೇಲಿನ ಗುಡಿ ನೋಡಿದಳು. "ಇವತ್ತ ಗದ್ದಲ ಬಾಳ ಐತಿ. ಬರ್ಲಿ, ಕೂಡೇ ಉಣ್ಣೂಣು." ನಾನು ಕನ್ನಡದವನೆಂದು ತಿಳಿದು ಅವಳು ಕನ್ನಡಕ್ಕೆ ಹೊರಳಿದ್ದಳು. ಬಡಿಸಲು ಬಂದ ಸೊಸೆಯನ್ನು ತಡೆದಳು. "ನಿಲ್ಲ. ಇವರ ಮನ್ಯಾಕಿ ಬರೂದೈತಿ."

ಅದೇ ಕ್ಷಣ ತಿದ್ದಬೇಕಿತ್ತು. ತಿದ್ದುವುದು ಬಿಟ್ಟು ನಮ್ಮ ಬುತ್ತಿಯ ಗಂಟು ಬಿಚ್ಚುತ್ತ ಕುಳಿತೆ. ಎರಡು ನಿಮಿಷ ದಾಟಿದ ಮೇಲೆ ತಿದ್ದುವುದು ಇನ್ನೂ ಕಷ್ಟವಾಯಿತು. ಹನ್ನೆರಡು ಮಂದಿ ಖಾಲಿ ತಾಟು ಮುಂದಿಟ್ಟುಕೊಂಡು ಮೆಟ್ಟಿಲು ನೋಡುತ್ತ ಕುಳಿತರು. ಹೆಂಗಸೊಬ್ಬಳು ಇಳಿದು ಬಂದರೆ ಸಾಕು, ಅಜ್ಜಿ ಮೊಣಕೈಯಿಂದ ತಿವಿದು ಕೇಳುವಳು: "ಈಕಿ ಏನು?" ನಾನು ಅಲ್ಲವೆಂದು ತಲೆಯಾಡಿಸುವೆನು. ಮಕ್ಕಳು ಹಸಿವೆಯಿಂದ ರಗಳೆ ಶುರು ಮಾಡಿದರು. ನಾನೂ ಅವರ ಜೊತೆಗೆ ಮೆಟ್ಟಿಲನ್ನೇ ನೋಡುತ್ತಿದ್ದೆ. ನಾಚಿಕೆಯ ಮಾತು, ಒಂದೆರಡು ಸಲ ನಾನೂ ಕಾದೆ.

ಅಷ್ಟು ಹೊತ್ತಿಗೆ ಮಗಳು ನೀರಿನಿಂದ ಬಂದಳು. ಅಜ್ಜಿ ಅವಳನ್ನು ಹತ್ತಿರ ಕರೆದಳು. "ಮಗಾ, ನಿಮ್ಮವ್ವ ಯಾವ ಬಣ್ಣದ ಸೀರಿ ಉಟ್ಟ ಹೋಗ್ಯಾಳ?"

ಮಗಳಿಗೆ ನಡೆದದ್ದೇನೂ ಗೊತ್ತಿಲ್ಲ. ನಾನು ಸಾವಿನ ಸುದ್ದಿ ಹೇಳಿರಬೇಕು, ಮುತ್ತೈದೆಯಾಗಿ ಹೋದವಳಿಗೆ ಯಾವ ಸೀರೆ ಉಡಿಸಿದಿರೆಂದು ಅಜ್ಜಿ ಕೇಳುತ್ತಿದ್ದಾಳೆ ಎಂದುಕೊಂಡಳು. ನಾವು ಅವ್ವನಿಗೆ ಉಡಿಸಿ ಕಳಿಸಿದ ಸೀರೆ ನೆನೆದು ತಗ್ಗಿದ ದನಿಯಲ್ಲಿ ಹೇಳಿದಳು: "ಹಸರ ಸೀರಿ, ಅಜ್ಜಿ."

"ಹಸರಂತ! ಓಡ, ಗುಡ್ಯಾಗ ನೋಡ್ಕೊಂಡ ಬಾ" ಎಂದು ಅಜ್ಜಿ ತನ್ನ ದೊಡ್ಡ ಮಗನನ್ನು ಕಳಿಸಿಯೇಬಿಟ್ಟಳು. ಐವತ್ತು ದಾಟಿದ ಆ ಮನುಷ್ಯ ಮೆಟ್ಟಿಲು ಹತ್ತಿ ಹೋಗಿ, ಏದುಸಿರು ಬಿಡುತ್ತ ಬಂದ. "ಅಲ್ಲಿ ಹಸರ ಸೀರಿ ಹದಿನೈದ ಅದಾವ. ಯಾವಾಕಿನ್ನ ಕರೀಲಿ?"

ಮಗಳು ನನ್ನ ಮುಖ ನೋಡಿದಳು. ನಾನು ಅವಳ ಕಿವಿಯಲ್ಲಿ ಎರಡೇ ಮಾತು ಹೇಳಿದೆ. ಅವಳು ಸೆರಗಿಲ್ಲದ್ದಕ್ಕೆ ದುಪಟ್ಟಾ ಬಾಯಿಗೆ ತುರುಕಿಕೊಂಡಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇರಬೇಕು, ನನಗೂ ಹಾಗೇ ಆಗಿತ್ತು. ಆಮೇಲೆ ಕಣ್ಣೊರೆಸಿಕೊಂಡು, ಅಜ್ಜಿಯ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದಳು: "ಅಜ್ಜಿ, ಆಕಿಗೆ ತಡಾ ಆಕ್ಕೇತಿ. ನೀವು ಉಣ್ರಿ."

ಎಲ್ಲರೂ ಉಂಡರು. ಏಳುವಾಗ ಅಜ್ಜಿ ಒಂದು ಎಲೆಯಲ್ಲಿ ಎರಡು ಹೋಳಿಗೆ, ಎಳ್ಳುಂಡೆ ಕಟ್ಟಿ ನನ್ನ ಕೈಗಿಟ್ಟಳು. "ಆಕಿಗೆ ಕೊಡ್ರಿ. ಕೊಟ್ಟ ಹೇಳ್ರಿ, ದೇವರ ಕಡಿ ಹೋದ್ರೂ ಉಣ್ಣೂ ಹೊತ್ತಿಗೆ ಬರಬೇಕು ಅಂತ."

ಬೆಳಗಾವಿಯ ಬಸ್ಸಿನಲ್ಲಿ ಆ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಸ್ವಲ್ಪ ದೂರ ಹೋದ ಮೇಲೆ ಮಗಳು ಅದನ್ನು ಎತ್ತಿಕೊಂಡು ಬಿಚ್ಚಿದಳು.

"ಅಜ್ಜಿ ನಿಮ್ಮವ್ವಗ ಅಂತ ಕೊಟ್ಟಾಳ" ಎಂದೆ.

"ಗೊತ್ತೈತಿ. ಹೊತ್ತಿಗೆ ಬರಲಿಲ್ಲಲ್ಲ ಆಕಿ" ಎಂದು ಒಂದು ಹೋಳಿಗೆ ನನ್ನ ಕೈಗೆ ಕೊಟ್ಟು, ಇನ್ನೊಂದನ್ನೂ ಎಳ್ಳುಂಡೆಗಳನ್ನೂ ತಾನೇ ಇಟ್ಟುಕೊಂಡಳು.